ಅಜ್ಜಿಯ ಮನೆಯ ಸೆಬಿಟ್ ಕೋಣೆ

ಜರ್ಮನಿಯ ಹ್ಯಾನೋವರ್‌ನಲ್ಲಿ ನಾನು ಹಿಡಿದ ಮೊದಲ ಬಾಡಿಗೆ ಕೋಣೆ ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿತ್ತು. 2016ರ ಚಳಿಗಾಲ. ಬೀಗದ ಕೈ ಕೊಡುತ್ತ ಅಜ್ಜಿ, "ಇದು ಸೆಬಿಟ್ ಕೋಣೆ" ಅಂದರು. ನನಗೆ ಅರ್ಥ ಆಗಲಿಲ್ಲ. ಆಮೇಲೆ ಕಾಫಿ ಕುಡಿಯುತ್ತ ಕಥೆ ಹೇಳಿದರು.

ಪ್ರತಿ ಮಾರ್ಚ್‌ನಲ್ಲಿ ಸುಮಾರು ಒಂದು ವಾರ ಈ ಊರಿನಲ್ಲಿ ಸೆಬಿಟ್ ಅನ್ನುವ ಕಂಪ್ಯೂಟರ್ ಮೇಳ ನಡೆಯುತ್ತಿತ್ತು. ಬಂದವರಿಗೆಲ್ಲ ಹೋಟೆಲುಗಳು ಎಲ್ಲಿ ಸಾಕಾಗಬೇಕು? ಹಾಗಾಗಿ ಮನೆಯವರೇ ಕೋಣೆ ಬಿಟ್ಟುಕೊಡುತ್ತಿದ್ದರು. ಅಜ್ಜಿಯ ಮಕ್ಕಳು ಆ ವಾರ ಕೆಳಗೆ ಹಾಲ್‌ನಲ್ಲಿ ಮಲಗುತ್ತಿದ್ದರಂತೆ. ಬಾಡಿಗೆಯೂ ಚೆನ್ನಾಗಿ ಬರುತ್ತಿತ್ತು. ಆದರೆ ಅಜ್ಜಿಗೆ ನೆನಪಿದ್ದದ್ದು ತೈವಾನ್‌ನ ಒಬ್ಬರು. ಕೀಬೋರ್ಡ್ ಮಾಡುವ ಸಣ್ಣ ಕಂಪನಿಯವರು. ವರ್ಷವೂ ಇದೇ ಕೋಣೆಗೆ ಬರುತ್ತಿದ್ದರು. ಅವರು ಕಳಿಸಿದ ಕ್ರಿಸ್‌ಮಸ್ ಕಾರ್ಡುಗಳನ್ನು ಅಜ್ಜಿ ಮೇಜಿನ ಡ್ರಾಯರ್‌ನಲ್ಲಿ ಜೋಪಾನ ಮಾಡಿಟ್ಟಿದ್ದರು. ನಮ್ಮ ಕಡೆ ಜಾತ್ರೆಗೆ ಬಂದ ನೆಂಟರಿಗೆ ಜಾಗ ಮಾಡಿಕೊಡುತ್ತಾರಲ್ವಾ, ಹಾಗೇ ಕಂಡಿತು ನನಗೆ.

ಹ್ಯಾನೋವರ್‌ಗೆ ಮೇಳಗಳು ಹೊಸದಲ್ಲ. ಯುದ್ಧ ಮುಗಿದು ಊರು ಇನ್ನೂ ಅರ್ಧ ಕುಸಿದು ಬಿದ್ದಿದ್ದಾಗಲೇ, 1947ರಲ್ಲಿ, ಇಲ್ಲಿ ಕೈಗಾರಿಕಾ ಮೇಳ ಶುರುವಾಯಿತು. 1970ರಲ್ಲಿ ಕಚೇರಿ ಯಂತ್ರಗಳಿಗೆ ಅಂತಲೇ ಒಂದು ಭಾರಿ ಹಾಲ್ ಕಟ್ಟಿದರು. ಬರಬರುತ್ತ ಕಂಪ್ಯೂಟರಿನವರಿಗೆ ಅದೂ ಸಾಲಲಿಲ್ಲ. 1986ರಲ್ಲಿ ಸೆಬಿಟ್ ಬೇರೆ ಮೇಳವೇ ಆಯಿತು. 2001ರಲ್ಲಿ 8,000ಕ್ಕೂ ಹೆಚ್ಚು ಕಂಪನಿಗಳು ಬಂದಿದ್ದವು. ನೋಡಲು ಬಂದವರು 8 ಲಕ್ಷಕ್ಕೂ ಹೆಚ್ಚು. ಈ ಊರಿನ ಜನಸಂಖ್ಯೆಯೇ ಸುಮಾರು 5 ಲಕ್ಷ, ನೋಡಿ!

ಅಜ್ಜಿ ಇದನ್ನೆಲ್ಲ ಹೇಳುತ್ತಿದ್ದರೆ ನನಗೆ ಅರಮನೆ ಮೈದಾನ ಕಣ್ಣಮುಂದೆ ಬಂತು. 1998ರಲ್ಲಿ ಬೆಂಗಳೂರಿನಲ್ಲಿ ಐಟಿ ಡಾಟ್ ಕಾಮ್ ಮೇಳ ಶುರುವಾಗಿತ್ತು. ಅದಾಗಿ ಒಂದೆರಡು ವರ್ಷಕ್ಕೆ ನಮ್ಮ ಸೋದರಮಾವ ನನ್ನನ್ನು ಕರೆದುಕೊಂಡು ಹೋಗಿದ್ದರು. ನಾನಾಗ ಹೈಸ್ಕೂಲು. ರಾಜಾಜಿನಗರದಿಂದ ಬಸ್ಸು, ಮೇಖ್ರಿ ಸರ್ಕಲ್‌ನಿಂದ ನಡಿಗೆ. ನನ್ನ ಕೈಚೀಲದ ತುಂಬ ಕರಪತ್ರ, ಪೆನ್ನು, ಸಿ.ಡಿ. ಮಾವನಿಗೆ ಅದ್ಯಾವುದೂ ಬೇಕಿರಲಿಲ್ಲ. ಪೀಣ್ಯದಲ್ಲಿ ಬಾಡಿಗೆ ಶೆಡ್ಡು, ಅದರಲ್ಲಿ ಲೋಹ ಕಡೆಯುವ ಒಂದೇ ಒಂದು ಲೇತ್ ಯಂತ್ರ, ಇಷ್ಟೇ ಆಗ ಅವರ ಆಸ್ತಿ. ಒಂದು ಮಳಿಗೆಯಲ್ಲಿ ಕಂಪ್ಯೂಟರ್ ಮೇಲೆ ಡ್ರಾಯಿಂಗ್ ಹಾಕುವುದನ್ನು ತೋರಿಸುತ್ತಿದ್ದರು. ಮಾವ ಹಿಂದೆ ನಿಂತು ನೋಡಿ ನೋಡಿ, ಕೊನೆಗೆ ಧೈರ್ಯ ಮಾಡಿ, "ಸಾರ್, ನಮ್ಮಂಥ ಸಣ್ಣವರಿಗೆ ಇದು ಉಪಯೋಗಕ್ಕೆ ಬರುತ್ತಾ?" ಅಂತ ಕೇಳಿದರು. ಆ ಮನುಷ್ಯ ಒಂದು ಕುರ್ಚಿ ಎಳೆದು ಮಾವನನ್ನು ಕೂರಿಸಿದರು. ಕಾಲು ಗಂಟೆ ವಿವರಿಸಿದರು. ಮಾವ ಏನನ್ನೂ ಕೊಳ್ಳಲಿಲ್ಲ, ಕೊಳ್ಳುವ ಹಾಗೂ ಇರಲಿಲ್ಲ. ಆದರೆ ಆ ಕುರ್ಚಿಯ ಮಾತನ್ನು ಇವತ್ತಿಗೂ ಆಡುತ್ತಾರೆ.

ಅಜ್ಜಿಯ ಕೋಣೆ ಹಿಡಿದ ಮರುವರ್ಷ, 2017ರ ಮಾರ್ಚ್‌ನಲ್ಲಿ, ನಾನೂ ಸೆಬಿಟ್‌ಗೆ ಹೋದೆ. ಆ ಹೊತ್ತಿಗೆ ಜನ 2 ಲಕ್ಷಕ್ಕೆ ಇಳಿದಿದ್ದರು. ಹಾಲ್‌ನಿಂದ ಹಾಲ್‌ಗೆ ನಡೆಯುವಾಗ ಬೀಗ ಹಾಕಿದ ಹಾಲ್‌ಗಳೂ ಸಿಕ್ಕವು. 2018ರಲ್ಲಿ ಮಾರ್ಚ್ ಬಿಟ್ಟು ಜೂನ್‌ಗೆ ಹಾಕಿದರು. ದೊಡ್ಡ ಜಯಂಟ್ ವೀಲ್ ನಿಲ್ಲಿಸಿದರು, ಸಂಜೆ ಸಂಗೀತ ಇಟ್ಟರು. ಎಳೆಯರನ್ನು ಕರೆಯಲು ನಿಜವಾಗಿ ಕಷ್ಟಪಟ್ಟರು. ಬಂದವರು ಸುಮಾರು 1 ಲಕ್ಷದ 20 ಸಾವಿರ. ಅದೇ ನವೆಂಬರ್‌ನಲ್ಲಿ, ಇನ್ನು ಸೆಬಿಟ್ ಇಲ್ಲ ಅಂತ ಹೇಳಿಬಿಟ್ಟರು. ಅಜ್ಜಿ ಪೇಪರ್ ಮಡಿಸಿ ಪಕ್ಕಕ್ಕಿಟ್ಟು ಸುಮ್ನೆ ಕೂತಿದ್ದರು. ನನಗೂ ಹೊಟ್ಟೆಯಲ್ಲಿ ಸಂಕಟ ಆಯಿತು.

ಯಾಕೆ ಹೀಗಾಯಿತು? ಕೋವಿಡ್ ಮೇಲೆ ಹಾಕುವ ಹಾಗಿಲ್ಲ, ಅದು ಬರುವ ಮೊದಲೇ ಮುಗಿದಿತ್ತು. ಒಂದು ಕಾರಣ, ಕಂಪ್ಯೂಟರ್ ಲೋಕ ಒಂದು ಮೇಳಕ್ಕೆ ಹಿಡಿಸದಷ್ಟು ಬೆಳೆದು ಒಡೆದುಹೋಯಿತು. ಮೊಬೈಲಿನವರು ಬಾರ್ಸಿಲೋನಾಗೆ ಹೋದರು, ವಿಡಿಯೋ ಗೇಮ್‌ನವರು ಕಲೋನ್‌ಗೆ, ಟಿವಿ ವಾಷಿಂಗ್ ಮೆಷಿನ್‌ನವರು ಬರ್ಲಿನ್‌ನಲ್ಲಿ ಮೊದಲಿನಿಂದಲೂ ಇದ್ದರು. ಇನ್ನೊಂದು ಕಾರಣ ಖರ್ಚು. ಮಳಿಗೆ ಕಟ್ಟಬೇಕು, ಜನರನ್ನು ಕರೆತರಬೇಕು, ಮೇಳದ ವಾರದ ಹೋಟೆಲ್ ಬಾಡಿಗೆಯಂತೂ ಕೇಳುವ ಹಾಗೇ ಇಲ್ಲ. ದೊಡ್ಡ ಕಂಪನಿಗಳಿಗೆ ತಮ್ಮದೇ ವೇದಿಕೆ ಅಗ್ಗವಾಯಿತು. ಆಪಲ್ 2007ರಲ್ಲಿ ಐಫೋನ್ ತೋರಿಸಿದ್ದು ಮ್ಯಾಕ್‌ವರ್ಲ್ಡ್ ಮೇಳದಲ್ಲೇ. ಎರಡು ವರ್ಷಕ್ಕೆ ಆ ಮೇಳವನ್ನೇ ಬಿಟ್ಟಿತು. ಜಗತ್ತೆಲ್ಲ ಇಂಟರ್‌ನೆಟ್‌ನಲ್ಲಿ ನೋಡುವಾಗ ಬೇರೆಯವರ ಮೇಳಕ್ಕೆ ಯಾಕೆ ಹೋಗಬೇಕು?

ಇದು ಹ್ಯಾನೋವರ್‌ನ ಕಥೆ ಮಾತ್ರ ಅಲ್ಲ. ಲಾಸ್ ವೇಗಸ್‌ನಲ್ಲಿ 1979ರಲ್ಲಿ ಶುರುವಾದ ಕಂಪ್ಯೂಟರ್ ಮೇಳ ಕಾಮ್‌ಡೆಕ್ಸ್ 2003ಕ್ಕೇ ನಿಂತಿತು. ಅದೇ ಊರಿನ ಎಲೆಕ್ಟ್ರಾನಿಕ್ಸ್ ಮೇಳ ಸಿಇಎಸ್‌ಗೆ ಇವತ್ತಿಗೂ ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ, ಅದು ಬೇರೆ ಮಾತು. ಅಮೆರಿಕದ ವಿಡಿಯೋ ಗೇಮ್ ಮೇಳ ಇ3 2023ರ ಡಿಸೆಂಬರ್‌ನಲ್ಲಿ ಮುಗಿಯಿತು.

ನನಗೆ ಈಗ ಹೆಚ್ಚು ಸಂಕಟ ಆಗುವುದು ಮೇಳ ನಿಂತದ್ದಕ್ಕಲ್ಲ, ಅದರ ಜಾಗಕ್ಕೆ ಬಂದದ್ದನ್ನು ನೋಡಿ. ನಾನು ಕೆಲಸ ಮಾಡುವುದು ಹತ್ತು ಜನರ ಪುಟ್ಟ ಕಂಪನಿಯಲ್ಲಿ. ನಮ್ಮ ಸಾಫ್ಟ್‌ವೇರ್ ಒಂದು ದೊಡ್ಡ ಕಂಪನಿಯ ಯಂತ್ರದ ಜೊತೆ ಮಾತಾಡಬೇಕಿತ್ತು. ಮಧ್ಯದಲ್ಲಿ ಒಂದು ತೊಡಕು. ಆ ಕಂಪನಿ ತನ್ನದೇ ದೊಡ್ಡ ಸಮಾರಂಭ ಮಾಡುತ್ತಿತ್ತು. ಹೋಗಿ ಅವರ ಎಂಜಿನಿಯರನ್ನು ಕೇಳೋಣ ಅಂದುಕೊಂಡೆ. ಹೆಸರು ಕೊಟ್ಟೆ. ಕರೆದವರಿಗೆ ಮಾತ್ರ ಪ್ರವೇಶ ಅಂತ ಉತ್ತರ ಬಂತು. ಇಮೇಲ್ ಬರೆದೆ, ಎರಡು ತಿಂಗಳು ಕಾದೆ. ಸೆಬಿಟ್ ಇದ್ದಿದ್ದರೆ ಟಿಕೆಟ್ ತಗೊಂಡು ಒಳಗೆ ಹೋಗಿ, ಅವರ ಮಳಿಗೆಯ ಮುಂದೆ ನಿಂತು ಕೇಳುತ್ತಿದ್ದೆ. ಗೊತ್ತಿಲ್ಲ ಅಂದರೂ ಮುಖ ನೋಡಿ ಹೇಳಬೇಕಿತ್ತು ಅವರು. ಸಣ್ಣವರಿಗೆ ಆ ಬಾಗಿಲು ದೊಡ್ಡದು ಕಣ್ರೀ.

ಹಾಗಂತ ಹ್ಯಾನೋವರ್‌ನ ಮೈದಾನ ಪಾಳು ಬಿದ್ದಿಲ್ಲ. ಎರಡು ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಅಗ್ರಿಟೆಕ್ನಿಕಾ ಅನ್ನುವ ಕೃಷಿ ಯಂತ್ರಗಳ ಮೇಳ ನಡೆಯುತ್ತದೆ. 2023ರಲ್ಲಿ 4 ಲಕ್ಷದ 70 ಸಾವಿರ ಜನ ಬಂದಿದ್ದರು. ರೈತರು ಟ್ರ್ಯಾಕ್ಟರ್ ಹತ್ತಿ ಕೂತು, ಟೈರು ಮುಟ್ಟಿ, ಗಂಟೆಗಟ್ಟಲೆ ಮಾತಾಡುತ್ತಾರೆ. ಬಸವನಗುಡಿ ಪರಿಷೆಯಲ್ಲಿ ಕಡಲೆಕಾಯಿ ಒಂದು ಸುಲಿದು ಬಾಯಿಗೆ ಹಾಕಿಕೊಂಡೇ ಸೇರು ಅಳೆಸುತ್ತೇವಲ್ಲ, ಅದೇ ಇದು. ಕೈಯಲ್ಲಿ ಮುಟ್ಟಿ ನೋಡಬೇಕಾದ ವಸ್ತುವಿಗೆ ಮೇಳ ಬೇಕೇ ಬೇಕು.

ಇದನ್ನು ಮಾವನಿಗೆ ಫೋನ್‌ನಲ್ಲಿ ಹೇಳಿದಾಗ, "ನೀನು ಜನವರಿಗೆ ಬಾ ಪುಟ್ಟಿ, ಇಮ್‌ಟೆಕ್ಸ್‌ಗೆ ಹೋಗೋಣ" ಅಂದರು. ಲೇತ್‌ನಂಥ ಯಂತ್ರಗಳ ಮೇಳ ಅದು. 2025ರ ಜನವರಿಯಲ್ಲಿ ರಜೆ ಹಾಕಿ ಬಂದೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರ ಗೊತ್ತಲ್ಲ? ಸೆಬಿಟ್ ತನ್ನ ಭಾರತದ ಮೇಳವನ್ನು 2014ರಲ್ಲಿ ಶುರು ಮಾಡಿದ್ದೂ ಅಲ್ಲೇ. ಈಗ ಮಾದಾವರದವರೆಗೆ ಮೆಟ್ರೋ ಬಂದಿದೆ. ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಹತ್ತಿದರೆ ಆರನೆಯದೇ ಮಾದಾವರ. ಡಬ್ಬಿಯ ತುಂಬ ಪೀಣ್ಯ, ದಾಸರಹಳ್ಳಿಯ ಶೆಡ್ಡುಗಳ ಜನ, ಡಿಪ್ಲೊಮಾ ಹುಡುಗರು.

ಮಾವ ಜೇಬಿನಲ್ಲಿ ಹಳೇ ಬಟ್ಟೆಯಲ್ಲಿ ಸುತ್ತಿ ಶೆಡ್ಡಿನಲ್ಲಿ ಮಾಡಿದ ಒಂದು ಬಿಡಿಭಾಗ, ಅವರ ಮಾತಿನಲ್ಲಿ ಜಾಬ್, ತಂದಿದ್ದರು. ಹೆಬ್ಬೆರಳು ಗಾತ್ರದ, ಕೊಳವೆಯಂಥ ಸ್ಟೀಲ್ ಬುಷ್. ಡ್ರಿಲ್ ಆಚೆ ಕಡೆ ಹೊರಬರುವ ಜಾಗದಲ್ಲಿ ಬರ್, ಅಂದರೆ ಲೋಹದ ಚೂಪು ಅಂಚು, ಉಳಿಯುತ್ತಿತ್ತು. ಹುಡುಗರು ಒಂದೊಂದನ್ನೂ ಕೈಯಲ್ಲಿ ಅರ ಹಾಕಿ ಉಜ್ಜಬೇಕಿತ್ತು. ನಾಲ್ಕು ಮಳಿಗೆಯಲ್ಲಿ ತೋರಿಸಿದರು. ಮೂರರಲ್ಲಿ ಕೆಟಲಾಗ್ ಕೊಟ್ಟು ಕಳಿಸಿದರು. ನಾಲ್ಕನೆಯದರಲ್ಲಿ ಒಬ್ಬ ನಡುವಯಸ್ಸಿನ ಎಂಜಿನಿಯರ್ ಜಾಬ್ ತಗೊಂಡು, ಭೂತಗನ್ನಡಿ ಹಿಡಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಟೂಲ್ ಸರಿಯಾಗಿದೆ ಯಜಮಾನ್ರೇ, ಹೊಸದು ತಗೋಬೇಡಿ. ಡ್ರಿಲ್ ಆಚೆ ಹೊರಡೋ ಹೊತ್ತಿಗೆ ಫೀಡ್ ಜಾಸ್ತಿ ಆಗ್ತಿದೆ. ಕೊನೇ ಒಂದು ಮಿಲಿಮೀಟರ್‌ಗೆ ಅರ್ಧ ಮಾಡಿ ನೋಡಿ" ಅಂದರು. ಫೀಡ್ ಅಂದರೆ ಡ್ರಿಲ್ ಮುಂದೆ ನುಗ್ಗುವ ವೇಗ. ಮಾರಲು ಕೂತವರು ಕೊಳ್ಳಬೇಡಿ ಅಂದದ್ದು ಕೇಳಿ ಮಾವ ಒಂದು ಕ್ಷಣ ಸುಮ್ಮನಾದರು. ಆಮೇಲೆ ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡರು.

ವಾಪಸ್ ಬರುವಾಗ ಮೆಟ್ರೋದಲ್ಲೇ ಶೆಡ್ಡಿಗೆ ಫೋನ್ ಹಚ್ಚಿದರು. "ಕೊನೇ ಒಂದು ಎಂಎಂ ಕಣೋ... ಫೀಡ್ ಅರ್ಧ... ಪ್ರೋಗ್ರಾಂ ಎಡಿಟ್ ಮಾಡಿ ಒಂದೇ ಒಂದು ಪೀಸ್ ಹೊಡಿ, ನಾನು ಬರೋವರೆಗೆ ಮುಂದೆ ಓಡಿಸಬೇಡ." ಪಕ್ಕದಲ್ಲಿ ನಿಂತಿದ್ದವರು ಕೇಳಿಸಿಕೊಂಡು, "ನಿಮಗೂ ಬರ್ ತೊಂದರೆನಾ?" ಅಂದರು. ಪೀಣ್ಯ ಇಂಡಸ್ಟ್ರಿ ಬರುವವರೆಗೂ ಇಬ್ಬರದೂ ಅದೇ ಮಾತು. ಊಟದ ಹೊತ್ತು ಮೀರಿತ್ತು, ಅತ್ತೆ ಎರಡು ಸಲ ಫೋನ್ ಮಾಡಿದ್ದರು. ಮಾವ ಮನೆ ಕಡೆ ತಿರುಗದೆ ಸೀದಾ ಶೆಡ್ಡಿನ ದಾರಿ ಹಿಡಿದರು. ನಾನೂ ಹಿಂದೆ ಹೋದೆ.