ಪಟ್ಟಿಯಲ್ಲಿ ಇಲ್ಲದ ನಿದ್ದೆ

16 ನವೆಂಬರ್ 2025, ಭಾನುವಾರ

ಬಾಡಿಗೆ ಗಾಡಿಯವರ ಲೆಕ್ಕದಲ್ಲಿ ದಿನವೆಂದರೆ ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಹನ್ನೆರಡು ದಾಟಿ ಹತ್ತು ನಿಮಿಷವಾದರೂ ಇನ್ನೊಂದು ದಿನದ ಕನಿಷ್ಠ ಕಿಲೋಮೀಟರಿನ ಬಾಡಿಗೆ, ಚಾಲಕರಿಗೆ ಇನ್ನೊಂದು ಬಾಟಾ, ಅಂದರೆ ದಿನಭತ್ಯೆ. ನಮ್ಮಂಥವರ ತೀರ್ಥಯಾತ್ರೆಯ ವೇಳಾಪಟ್ಟಿ ಹುಟ್ಟುವುದೇ ಈ ಲೆಕ್ಕದಿಂದ. ದೇವರ ಪಾಲು ಅದರಲ್ಲಿ ಕಡಿಮೆ.

ದೊಡ್ಡಮಾವನ ಪಟ್ಟಿ ಹೀಗಿತ್ತು: ಶುಕ್ರವಾರ ರಾತ್ರಿ ಹನ್ನೆರಡೂ ಕಾಲಿಗೆ ಬೆಂಗಳೂರಿನಿಂದ ಟಿಟಿ (ಟೆಂಪೊ ಟ್ರಾವೆಲರ್) ಹೊರಡುವುದು, ಶಿರಾಡಿ ಇಳಿದು ಬೆಳಿಗ್ಗೆ ಕುಕ್ಕೆ, ಮಧ್ಯಾಹ್ನ ಧರ್ಮಸ್ಥಳ, ಚಾರ್ಮಾಡಿ ಹತ್ತಿ ರಾತ್ರಿ ಹೊರನಾಡು, ಮರುದಿನ ಶೃಂಗೇರಿ, ಅಂದೇ ಹನ್ನೆರಡರೊಳಗೆ ಮನೆ. ಎಲ್ಲಿ ಸ್ನಾನ, ಯಾರಿಗೆ ಉಪವಾಸ, ಎಲ್ಲವೂ ಇತ್ತು. ಚಾಲಕರು ಯಾವಾಗ ಮಲಗಬೇಕು ಎಂಬುದು ಮಾತ್ರ ಇರಲಿಲ್ಲ.

“ಅವರಿಗೆ ಅಭ್ಯಾಸವಾಗಿರುತ್ತದಪ್ಪ” ಎಂದರು ಮಾವ.

ಎಷ್ಟು ವರ್ಷ ಗಾಡಿ ಓಡಿಸಿದರೂ ನಿದ್ದೆಗೆ ರಿಯಾಯಿತಿ ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ಹದಿನೇಳು ಗಂಟೆ ಎಚ್ಚರವಿದ್ದಂತಾಯಿತು. ಆ ಹೊತ್ತಿಗೆ ಕೈ, ಕಣ್ಣು, ಗಮನಗಳ ಚುರುಕು ಎಷ್ಟು ಕುಗ್ಗುತ್ತದೆ ಎಂಬುದನ್ನು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಮದ್ಯದ ಅಳತೆಯಲ್ಲಿ ಹೇಳಿತ್ತು: 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಇದ್ದಷ್ಟು. ನಮ್ಮಲ್ಲಿ 30 ದಾಟಿದರೇ ಕೇಸು. ನಮ್ಮ ಟಿಟಿಯ ಚಾಲಕರು ಕೀಲಿ ತಿರುಗಿಸುವ ಮೊದಲೇ ಆ ಸ್ಥಿತಿಗೆ ಬಂದಿರುತ್ತಿದ್ದರು. ಕುಡಿದವರನ್ನಾದರೆ ಪೊಲೀಸರು ಊದಿಸಿ ಹಿಡಿಯುತ್ತಾರೆ.

ಮೇಲಾಗಿ ರಾತ್ರಿ ಎರಡರಿಂದ ಐದರವರೆಗೆ ದೇಹವೇ ನಿದ್ದೆಯತ್ತ ಎಳೆಯುವ ಹೊತ್ತು. ಮಾವನ ಪಟ್ಟಿಯ ಪ್ರಕಾರ ಸಕಲೇಶಪುರ, ಶಿರಾಡಿ ಬರುವುದು ಆಗಲೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಜೊಂಪು ಹತ್ತಿದರೆ ಗಾಡಿ ಸುಮಾರು 90 ಮೀಟರ್ ತಾನಾಗಿ ಓಡಿರುತ್ತದೆ, ಬ್ರೇಕಿನ ಮೇಲೆ ಕಾಲೇ ಹೋಗಿರುವುದಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಿಂತಿದ್ದ ಲಾರಿಗೆ ಟಿಟಿ ಗುದ್ದಿ 13 ಜನ ತೀರಿಕೊಂಡರು. ಅವರೂ ದೇವರ ದರ್ಶನ ಮುಗಿಸಿ ಬರುತ್ತಿದ್ದವರು. ಅದನ್ನು ನೆನಪಿಸಿದ ಮೇಲೆ ಮಾವ ಪಟ್ಟಿಯನ್ನು ಕೆಳಗಿಟ್ಟರು.

ಸಂಜೆ ಚಾಲಕರಿಗೇ ಫೋನ್ ಮಾಡಿದೆ. ತೂಕಡಿಕೆ ಬಂದರೆ ಹೇಳುತ್ತೀರಲ್ಲವೇ ಎಂದು ಕೇಳಿದ್ದಕ್ಕೆ ನಕ್ಕರು. “ಕಣ್ಣು ಎಳೆಯುತ್ತಿದೆ ಎಂದರೆ ಮುಂದಿನ ಸಲ ಬೇರೆಯವರನ್ನು ಕರೆಯುತ್ತಾರೆ ಸರ್.” 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗೆ. ಒಂದೇ ಗಾಡಿ ಇಟ್ಟುಕೊಂಡು ತಾವೇ ಓಡಿಸುವ ಇವರ ಗಂಟೆಗಳನ್ನು ಎಣಿಸುವವರು ಯಾರೂ ಇಲ್ಲ. ತಂಗುವ ಕಡೆ ಎಲ್ಲಿ ಮಲಗುತ್ತೀರಿ ಎಂದೆ. ಹೆಚ್ಚಾಗಿ ಗಾಡಿಯಲ್ಲೇ, ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ ಎಂದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗಾಡಿ ತೊಳೆಯುವುದು ಬೇರೆ.

ಹೇಳದಿದ್ದರೂ ಗುರುತುಗಳು ಕಾಣುತ್ತವೆ. ಆಕಳಿಕೆಯನ್ನು ಎಲ್ಲರೂ ಗಮನಿಸುತ್ತಾರೆ, ಆದರೆ ಅದಕ್ಕಿಂತ ನನಗೆ ಭಯ ಹುಟ್ಟಿಸುವುದು ಮಾತಿಗೆ ಉತ್ತರ ತಡವಾಗುವುದು, ಕಾರಣವಿಲ್ಲದೆ ವೇಗ ಏರಿಳಿಯುವುದು, ಗಾಡಿ ಮೆಲ್ಲಗೆ ಬಿಳಿ ಗೆರೆಯತ್ತ ಸರಿದು ಸ್ಟಿಯರಿಂಗ್ ತಟ್ಟನೆ ಹಿಂದಕ್ಕೆ ತಿರುಗುವುದು. ಆಗ ಕಿಟಕಿ ಇಳಿಸಿ ಜೋರಾಗಿ ಹಾಡು ಹಾಕಿದರೆ ಏನೂ ಆಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ತಕ್ಷಣ ಕಾಲು ಗಂಟೆ ಮಲಗಬೇಕು. ಕಾಫಿ ಕೆಲಸ ಮಾಡಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಅದು ಜೊತೆಯಾಗುತ್ತದೆ. ಅದೂ ಮುಂದಿನ ಊರು ಮುಟ್ಟುವಷ್ಟಕ್ಕೆ ಮಾತ್ರ, ರಾತ್ರಿಯ ನಿದ್ದೆಗೆ ಬದಲಿಯಲ್ಲ. ನಿದ್ದೆ ತರಿಸುವ ನೆಗಡಿ ಮಾತ್ರೆ ನುಂಗಿದ್ದರೆ ಓಡಿಸದಿರುವುದೇ ವಾಸಿ.

ಈಗಿನ ಏರ್ಪಾಡು: ಶುಕ್ರವಾರ ರಾತ್ರಿ ಚಾಲಕರು ಮನೆಯಲ್ಲಿ ನಿದ್ದೆ ಮಾಡಿ ಶನಿವಾರ ಆರಕ್ಕೆ ಹೊರಡುವುದು, ಹೊರನಾಡು ಕೈಬಿಡುವುದು, ರಾತ್ರಿ ಧರ್ಮಸ್ಥಳದಲ್ಲಿ ತಂಗಿ ಅವರಿಗೂ ಒಂದು ಹಾಸಿಗೆ ಹಿಡಿಯುವುದು. ಬಾಡಿಗೆ ಆಗಲೂ ಎರಡೇ ದಿನದ್ದು ಎಂದು ತಿಳಿದಾಗ ಮಾವ ಗೆಲುವಾದರು. ಹೊರನಾಡಿಗಾಗಿ ಅತ್ತೆ ಇನ್ನೂ ಮುನಿಸಿಕೊಂಡಿದ್ದಾರೆ. ಗಾಡಿ ಹತ್ತಿದೊಡನೆ ಗೊರಕೆ ಹೊಡೆಯುವ ಭಾವನನ್ನು ಮುಂದಿನ ಸೀಟಿನಿಂದ ಹಿಂದಕ್ಕೆ ಕಳುಹಿಸಬೇಕು. ಅದನ್ನು ಅವರಿಗೆ ಅಕ್ಕನೇ ಹೇಳಲಿ.