ನಯಾಗರಾದ ಆಚೆ ದಡ: ಒಂದೇ ಕಾರು, ಮೂರು ಥರದ ಕಾಗದಪತ್ರ

ಅತ್ತೆ ಮಾವ ಹಾಸನದಿಂದ ನ್ಯೂಜೆರ್ಸಿಗೆ ಬಂದು ಎರಡು ವಾರವಾಗಿತ್ತು. ಅವರಿಗೆ ನಯಾಗರಾ ತೋರಿಸಬೇಕು, ಅದೂ ಕೆನಡಾ ಕಡೆಯಿಂದ, ಅಂತ ನಮ್ಮ ಆಸೆ. ಕುದುರೆ ಲಾಳದ ಆಕಾರದ ದೊಡ್ಡ ಜಲಪಾತ ಪೂರ್ತಿಯಾಗಿ ಎದುರಿಗೇ ಕಾಣುವುದು ಆ ದಡದಿಂದ. ಹಾಗೇ ಕೆನಡಾದ ಬ್ರಾಂಪ್ಟನ್‌ನಲ್ಲಿರುವ ನಮ್ಮವರ ಚಿಕ್ಕಪ್ಪನ ಮಗನ ಮನೆಗೂ ಹೋಗಿ ಬರೋಣ ಅಂದುಕೊಂಡು ಹೋಟೆಲ್ ಬುಕ್ ಮಾಡಿದ್ದೆವು.

"ಅಮೆರಿಕ ವೀಸಾ ಇದ್ದರೆ ಸಾಕು, ಕೆನಡಾಕ್ಕೂ ಬಿಡ್ತಾರೆ" ಎಂದು ಪರಿಚಯದವರೊಬ್ಬರು ಹೇಳಿದ್ದರು. ಅದು ಮೆಕ್ಸಿಕೊಗೆ ಸರಿ. ಕೆನಡಾಕ್ಕೆ ಸರಿಯಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಅಮೆರಿಕಕ್ಕೆ ವಿಸಿಟರ್ ಆಗಿ ಬಂದಿದ್ದರೆ ಕೆನಡಾಕ್ಕೆ ಬೇರೆ ವೀಸಾ ಬೇಕೇ ಬೇಕು. ಹೊರಡಲು ಹತ್ತು ದಿನ ಇರುವಾಗ ಇದು ಗೊತ್ತಾಯಿತು. ಹೋಟೆಲ್ ಕ್ಯಾನ್ಸಲ್ ಮಾಡಿದೆವು. ಅತ್ತೆಯ ಮುಖ ನೋಡಲು ಆಗಲಿಲ್ಲ.

ನನಗೆ, ನಮ್ಮವರಿಗೆ ಈ ತಾಪತ್ರಯ ಇರಲಿಲ್ಲ. ನಮ್ಮದೂ ಭಾರತದ ಪಾಸ್‌ಪೋರ್ಟೇ, ಆದರೆ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ಇರಲು ಅನುಮತಿ, ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾ ವೀಸಾ ಬೇಡ. 2022ರ ಏಪ್ರಿಲ್ 26ರಿಂದ ವಿಮಾನದಲ್ಲಿ ಹೋದರೆ ಇಟಿಎ (ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣದ ಅನುಮತಿ) ಕೂಡ ಬೇಡ. ಆದರೆ ಅವಧಿ ಮುಗಿಯದ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಬೇಕು. ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ.

ಮಗ ಇಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. ರಸ್ತೆಯಲ್ಲಿ ಹೋಗುವ 16 ವರ್ಷದೊಳಗಿನ ಅಮೆರಿಕದ ಮಕ್ಕಳಿಗೆ ಜನನ ಪ್ರಮಾಣಪತ್ರ ಸಾಕು. ವಿಮಾನವಾದರೆ ಪಾಸ್‌ಪೋರ್ಟ್ ಬೇಕು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಕರೆದುಕೊಂಡು ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಅತ್ತೆ ಮಾವನಿಗೆ ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆವು. ತಲಾ 100 ಕೆನಡಾ ಡಾಲರ್ ವೀಸಾಕ್ಕೆ, 85 ಬೆರಳಚ್ಚಿಗೆ. ಬೆರಳಚ್ಚನ್ನು ಅಮೆರಿಕದ ಇಮಿಗ್ರೇಷನ್ ಇಲಾಖೆಯ ಕೇಂದ್ರದಲ್ಲೇ ಕೊಡಬಹುದು. ಒಪ್ಪಿಗೆ ಬಂದ ಮೇಲೆ ವೀಸಾ ಅಂಟಿಸಲು ಪಾಸ್‌ಪೋರ್ಟ್ ಕಳಿಸಬೇಕು. ನಮಗೆ ಒಟ್ಟು ಏಳು ವಾರ ಹಿಡಿಯಿತು. ನಿಮ್ಮ ಮನೆಯ ಹಿರಿಯರು ಬರುವವರಿದ್ದರೆ ಬೆಂಗಳೂರಿನಲ್ಲೇ ಇದನ್ನು ಮುಗಿಸಿಕೊಂಡು ಬರಲಿ. ಇಲ್ಲಿಗೆ ಬಂದ ಮೇಲೆ ಅವರ ದಿನಗಳೇ ಕಡಿಮೆ, ಅದರಲ್ಲಿ ವೀಸಾ ಕಾಯುತ್ತಾ ಕೂರುವುದು ಬೇಡ.

ಮಾವನ ಹೆಸರಿನದು ಇನ್ನೊಂದು ಕಥೆ. ನಮ್ಮ ಕಡೆ ಸರ್‌ನೇಮ್ ಇಲ್ಲದವರು ಎಷ್ಟು ಜನ ಇದ್ದಾರೆ, ಅಲ್ವಾ? ಅವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಮೆರಿಕ ವೀಸಾದಲ್ಲಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿತ್ತು. ಅದನ್ನು ನೋಡಿ ಕೆನಡಾ ಅರ್ಜಿಯಲ್ಲೂ 'ಎಫ್‌ಎನ್‌ಯು' ಅಂತ ಬರೆಯಬೇಡಿ. ಪೂರ್ತಿ ಹೆಸರನ್ನು ಫ್ಯಾಮಿಲಿ ನೇಮ್ ಜಾಗದಲ್ಲಿ ಹಾಕಿ, ಇನ್ನೊಂದನ್ನು ಖಾಲಿ ಬಿಡಬೇಕು.

ಕೊನೆಗೂ ಹೊರಟೆವು. ಬೆಳಗಿನ ಜಾವ ಬಿಟ್ಟು, ಮಧ್ಯೆ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು, ಮಧ್ಯಾಹ್ನದ ಹೊತ್ತಿಗೆ ಗಡಿಯಲ್ಲಿರುವ ರೇನ್‌ಬೋ ಸೇತುವೆ ಸೇರಿದೆವು. ಐದೂ ಜನರ ಕಾಗದಪತ್ರ ಒಂದೇ ಕವರ್‌ನಲ್ಲಿ ಇಟ್ಟಿದ್ದೆ. ಎಲ್ಲಿಗೆ, ಎಷ್ಟು ದಿನ, ಯಾರ ಮನೆ ಅಂತ ಕೆನಡಾದ ಅಧಿಕಾರಿಗಳು ಕೇಳಿದರು, ಅಷ್ಟೇ. ಕಾರಿನ ಇನ್ಶೂರೆನ್ಸ್ ಕೆನಡಾದಲ್ಲಿ ನಡೆಯುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಬಾಡಿಗೆ ಕಾರಾದರೆ ಗಡಿ ದಾಟಿಸಲು ಅನುಮತಿ ಇರಬೇಕು. ವಾಪಸ್ ಬರುವಾಗ ಅಮೆರಿಕದವರು ನಮ್ಮ ಗ್ರೀನ್ ಕಾರ್ಡ್ ನೋಡಿದರು, ತಿಂಡಿ ಹಣ್ಣು ಏನಿದೆ ಅಂತ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ.

ಬ್ರಾಂಪ್ಟನ್‌ನ ಮೈದುನನಿಗೆ "ಮುಂದಿನ ಸಲ ನೀವೇ ಬನ್ನಿ" ಅಂದೆವು. ಅವನಿಗೆ ಅದು ಅಷ್ಟು ಸುಲಭವಲ್ಲ. ಅವನು ಕೆನಡಾದ ಪಿಆರ್ (ಕಾಯಂ ನಿವಾಸಿ), ಪಾಸ್‌ಪೋರ್ಟ್ ಭಾರತದ್ದು. ಅಮೆರಿಕಕ್ಕೆ ಬರಲು ವೀಸಾ ಬೇಕು. ನಮಗೆ ಅಲ್ಲಿರುವ ರಿಯಾಯಿತಿ ಅವನಿಗೆ ಇಲ್ಲಿ ಇಲ್ಲ.

ಗ್ರೀನ್ ಕಾರ್ಡ್ ಇದೆ ಅಂತ ಯೂರೋಪಿಗೆ ಟಿಕೆಟ್ ತೆಗೆದುಬಿಡಬೇಡಿ. ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕೇ ಬೇಕು. ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳಿರುವಾಗಿಂದ ಅರ್ಜಿ ಹಾಕಬಹುದು, ಹೊರಡಲು 15 ದಿನ ಇರುವಷ್ಟರಲ್ಲಿ ಹಾಕಿರಲೇಬೇಕು. ಬ್ರಿಟನ್ ಸುತ್ತಲು ಅದರದ್ದೇ ಬೇರೆ ವೀಸಾ.

ಗ್ರೀನ್ ಕಾರ್ಡ್ ಇರುವವರು ಊರಿನಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಹೋಗಿ ವರ್ಷಕ್ಕಿಂತ ಜಾಸ್ತಿ ಇರಬೇಕಾಗಬಹುದು ಅನಿಸಿದರೆ, ಅಮೆರಿಕ ಬಿಡುವ ಮೊದಲೇ ರೀಎಂಟ್ರಿ ಪರ್ಮಿಟ್‌ಗೆ (ವಾಪಸ್ ಒಳಗೆ ಬರುವ ಅನುಮತಿಗೆ) ಐ-131 ಅರ್ಜಿ ಹಾಕಿ. ಹೊರಗೆ ಹೋದ ಮೇಲೆ ಹಾಕಲು ಬರುವುದಿಲ್ಲ. ಹೊರದೇಶದಲ್ಲಿ ಕಾರ್ಡ್ ಕಳೆದುಹೋದರೆ ಅಲ್ಲಿನ ಅಮೆರಿಕದ ರಾಯಭಾರ ಕಚೇರಿಯಲ್ಲಿ ವಾಪಸ್ ಬರುವ ವಿಮಾನ ಹತ್ತಲು ಐ-131ಎ ಅರ್ಜಿ ಹಾಕಬೇಕು. ಕಾರ್ಡಿನ ಎರಡೂ ಬದಿಯ ಜೆರಾಕ್ಸ್ ಬೇರೆ ಬ್ಯಾಗಿನಲ್ಲಿ ಇಟ್ಟಿರಿ, ಆಗ ನಂಬರ್ ಹುಡುಕುವ ಕೆಲಸ ಇರುವುದಿಲ್ಲ.