ಮೂರು ಬಟನ್ ಸಾಕು ಸಾರ್

ಬೇಸಿಗೆ ರಜೆ ಮುಗಿಯುವುದರೊಳಗೆ ಕ್ಯಾಂಪಸ್ಸಿನ ಲೆಕ್ಚರ್ ಹಾಲ್‌ಗಳನ್ನೆಲ್ಲ ಆಟೊಮೇಶನ್ (ಬಟನ್ ಒತ್ತಿದರೆ ಪ್ರೊಜೆಕ್ಟರ್, ಪರದೆ, ಲೈಟ್ ಎಲ್ಲ ತಾವೇ ನಡೆಯುವ ಹಾಗೆ) ಮಾಡಿ ಮುಗಿಸಿ ಅಂತ ಆರ್ಡರ್ ಬಂದಾಗ ನಾನು ಮೊದಲು ಮಾಡಿದ ಕೆಲಸ ಏಣಿ ಹತ್ತಿದ್ದು. ಹಳೇ ಪ್ರೊಜೆಕ್ಟರ್ ಒಂದರ ಫಿಲ್ಟರ್ ಬಿಚ್ಚಿದೆ. ಚಾಕ್ ಪುಡಿ ಅಕ್ಕಿಹಿಟ್ಟಿನ ಹಾಗೆ ಮುಖದ ಮೇಲೆ ಸುರಿಯಿತು. ಗಾಳಿ ಆಡದೆ ಒಳಗೆಲ್ಲ ಬಿಸಿ, ಲ್ಯಾಂಪ್ ಬೇಗ ಸಾಯುತ್ತಿತ್ತು, ನಾವು ಸುಮ್ನೆ ಕಂಪನಿಯವರನ್ನು ಬೈದುಕೊಂಡು ಕೂತಿದ್ದೆವು.

ಪುಡಿ ಬೇಡ ಅಂತ ಚಾಕ್ ಬೋರ್ಡನ್ನು ತೆಗೆಯುವ ಹಾಗಿಲ್ಲ. ಗಣಿತದ ಮೇಷ್ಟ್ರುಗಳು ಬಿಡುವುದಿಲ್ಲ, ಬಿಡಬಾರದು ಕೂಡ. ಹಾಗಾಗಿ ಲೇಸರ್ ಪ್ರೊಜೆಕ್ಟರ್ ಹಾಕಿದೆವು. ಲ್ಯಾಂಪ್ ಮೂರ್ನಾಲ್ಕು ಸಾವಿರ ಗಂಟೆಗೆ ಕೈಕೊಟ್ಟರೆ ಇದು ಸುಮಾರು 20,000 ಗಂಟೆ ಬರುತ್ತದೆ.

ಕೇಬಲ್ ವಿಷಯ ಇನ್ನೂ ಮಜಾ. ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಚಿತ್ರ ಒಯ್ಯುವ ಹಳೇ ವಿಜಿಎ ಕೇಬಲ್‌ನ ಒಂದು ಪಿನ್ ಬಾಗಿದರೆ ನೀಲಿ ಬಣ್ಣ ಹೋಗಿ ಇಡೀ ಸ್ಲೈಡಿಗೆ ಅರಿಶಿನ ಹಚ್ಚಿದ ಹಾಗೆ ಕಾಣುತ್ತಿತ್ತು. ಎಚ್‌ಡಿಎಂಐ ಹಾಕೋಣ ಅಂದರೆ ಸಾಮಾನ್ಯ ತಾಮ್ರದ ಕೇಬಲ್ ಅಷ್ಟು ಉದ್ದದ ಹಾಲಿಗೆ ಎಟುಕುವುದಿಲ್ಲ, ಹತ್ತು ಹದಿನೈದು ಮೀಟರ್ ದಾಟಿದರೆ ಚಿತ್ರ ಮಿಣುಕುತ್ತದೆ. ಅದಕ್ಕೆ ಎಚ್‌ಡಿಬೇಸ್‌ಟಿ. ಇದರಲ್ಲಿ ಮಾಮೂಲಿ ಕ್ಯಾಟ್ 6 (ನೆಟ್‌ವರ್ಕಿಗೆ ಹಾಕುವ) ವೈರಿನಲ್ಲೇ 100 ಮೀಟರ್‌ವರೆಗೆ ಚಿತ್ರ, ಧ್ವನಿ, ಕಂಟ್ರೋಲ್ ಎಲ್ಲ ಹೋಗುತ್ತದೆ. ತೊಂದರೆ ಏನಂದರೆ, ನೋಡಲು ಅದು ನೆಟ್‌ವರ್ಕ್ ವೈರಿನ ಹಾಗೇ ಇರುತ್ತದೆ. ಒಂದು ದಿನ ಯಾರೋ ಪುಣ್ಯಾತ್ಮರು ಸಲಕರಣೆ ಇಡುವ ರ‍್ಯಾಕ್ ನೀಟಾಗಿ ಜೋಡಿಸಲು ಹೋಗಿ ಅದನ್ನು ತೆಗೆದು ನೆಟ್‌ವರ್ಕ್ ಸ್ವಿಚ್ಚಿಗೆ ಚುಚ್ಚಿದ್ದರು. ಚಿತ್ರ ಎಲ್ಲಿ ಹೋಯಿತು ಅಂತ ಅರ್ಧ ದಿನ ಹುಡುಕಿದೆ. ಈಗ ಆ ವೈರುಗಳೆಲ್ಲ ಕಿತ್ತಳೆ ಬಣ್ಣ.

ಮೊದಲ ಹಾಲಿಗೆ ದೊಡ್ಡ ಟಚ್ ಪ್ಯಾನೆಲ್ ಹಾಕಿದ್ದೆ, ಐದು ಪೇಜು, ಚೆಂದದ ಐಕಾನುಗಳು. ನನಗೇ ಹೆಮ್ಮೆ. ಕ್ಲಾಸ್ ಶುರುವಾದ ವಾರ ಫೋನ್ ಮೇಲೆ ಫೋನ್: "ಸಾರ್, ಸ್ವಲ್ಪ ಬರ್ತೀರಾ, ಏನೂ ಕಾಣ್ತಿಲ್ಲ." ಹೋಗಿ ನೋಡಿದರೆ ಮೇಡಂ ಮೂರನೇ ಪೇಜಿನಲ್ಲಿ ಎಸಿ ಸೆಟ್ಟಿಂಗ್ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ, ಅರವತ್ತು ಹುಡುಗರು ನಗುತ್ತಿದ್ದಾರೆ. ತಪ್ಪು ಅವರದ್ದಲ್ಲ. ಪಾಠ ಮಾಡಲು ಬಂದವರಿಗೆ ನನ್ನ ಸಿಸ್ಟಮ್ ಕಲಿಯುವ ಹರಕೆ ಏನೂ ಇಲ್ಲ ಅಲ್ವಾ?

ಪ್ಯಾನೆಲ್ ಕಿತ್ತು ಗೋಡೆಗೆ ಮೂರು ಬಟನ್ ಹಾಕಿದೆ: ಲ್ಯಾಪ್‌ಟಾಪ್, ಬೋರ್ಡ್, ಆಫ್. ಕನ್ನಡದಲ್ಲೇ ಬರೆಸಿದೆ. ಲ್ಯಾಪ್‌ಟಾಪ್ ಒತ್ತಿದರೆ ಪ್ರೊಜೆಕ್ಟರ್ ಆನ್, ಪರದೆ ಕೆಳಗೆ, ಮುಂದಿನ ಸಾಲಿನ ಲೈಟ್ ಮಂದ, ಆಂಪ್ಲಿಫೈಯರ್ ಆನ್. ಬೋರ್ಡ್ ಒತ್ತಿದರೆ ಪರದೆ ಮೇಲಕ್ಕೆ ಹೋಗಿ ಬೋರ್ಡಿನ ಲೈಟ್ ಬರುತ್ತದೆ, ಪ್ರೊಜೆಕ್ಟರ್ ಆಫ್ ಆಗುವುದಿಲ್ಲ, ಚಿತ್ರ ಮಾತ್ರ ಮರೆಯಾಗುತ್ತದೆ. ಮೇಷ್ಟ್ರು ಒಂದು ಗಂಟೆಯಲ್ಲಿ ನಾಲ್ಕು ಸಲ ಆಚೆ ಈಚೆ ಹೋದರೂ ಕಾಯಬೇಕಾಗಿಲ್ಲ.

ಸೆನ್ಸರ್ ಕಥೆ ಹೇಳಲೇಬೇಕು. ರೂಮಿನಲ್ಲಿ ಯಾರೂ ಇಲ್ಲದಿದ್ದರೆ ಲೈಟ್ ಫ್ಯಾನ್ ಆರಲಿ ಅಂತ ಪಿಐಆರ್ ಸೆನ್ಸರ್ ಹಾಕಿ ಹದಿನೈದು ನಿಮಿಷಕ್ಕೆ ಸೆಟ್ ಮಾಡಿದ್ದೆ. ಅದು ಮೈಬಿಸಿ ಇರುವ ಜೀವ ಅಲುಗಾಡಿದರೆ ಮಾತ್ರ ಗುರುತಿಸುತ್ತದೆ. ಇಂಟರ್ನಲ್ಸ್ ದಿನ ಹುಡುಗರು ತಲೆ ತಗ್ಗಿಸಿ ಬರೆಯುತ್ತಿದ್ದರು, ಮೇಲ್ವಿಚಾರಕರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು ಅಂತ ಕಾಣುತ್ತದೆ, ಫ್ಯಾನ್ ಸಮೇತ ಎಲ್ಲ ಆರಿಹೋಯಿತು. ಹುಡುಗರು ಹೋ ಅಂತ ಕೈ ಬೀಸಿದರು, ಆ ಅಲುಗಾಟಕ್ಕೆ ಮತ್ತೆ ಹತ್ತಿಕೊಂಡಿತು! ಈಗ ಸಮಯ ಮುಕ್ಕಾಲು ಗಂಟೆ ಮಾಡಿದ್ದೇನೆ, ಪರೀಕ್ಷೆ ದಿನ ಸೆನ್ಸರ್ ಬಂದ್ ಮಾಡಲು ಬೇರೆ ಸ್ವಿಚ್ ಇದೆ.

ಇನ್ನು ನಮ್ಮ ಅಟೆಂಡರ್. ಸಂಜೆ ಐದೂವರೆಗೆ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಟಪ್ ಅಂತ ಇಳಿಸಿ ಬೀಗ ಹಾಕುವುದು ಅವರ ವರ್ಷಗಳ ಅಭ್ಯಾಸ. ಪ್ರೊಜೆಕ್ಟರ್ ತಣ್ಣಗಾಗುವ ಮೊದಲೇ ಕರೆಂಟ್ ಕಟ್, ಇದನ್ನೆಲ್ಲ ನಡೆಸುವ ಕಂಟ್ರೋಲರ್ ಬೆಳಗ್ಗೆ ಎದ್ದಾಗ ಪರದೆ ಮೇಲಿದೆಯೋ ಕೆಳಗಿದೆಯೋ ಅದಕ್ಕೇ ಗೊತ್ತಿಲ್ಲ. ಬೇಡ ಅಂತ ಎರಡು ಸಲ ಹೇಳಿದೆ. "ಸಾರ್, ರಾತ್ರಿ ಶಾರ್ಟ್ ಆದ್ರೆ ಯಾರು ಬರ್ತಾರೆ?" ಅಂದರು. ಮಾತು ಸರಿ ಇತ್ತು. ರ‍್ಯಾಕ್‌ಗೂ ಪ್ರೊಜೆಕ್ಟರ್‌ಗೂ ಬೇರೆ ಲೈನ್ ಎಳೆದು ಯುಪಿಎಸ್ ಕೊಟ್ಟೆ, ಉಳಿದದ್ದನ್ನು ಅವರು ಈಗಲೂ ಐದೂವರೆಗೇ ಇಳಿಸುತ್ತಾರೆ.

ಸೋಮವಾರ ಹಿಂದಿನ ಬ್ಲಾಕಿಗೆ ಏಣಿ ಹೊರಬೇಕು. ಅಲ್ಲಿನ ಫಿಲ್ಟರ್ ಇನ್ನೂ ಬಿಚ್ಚಿಲ್ಲ.